ವಿಟಮಿನ್ ಎ ಕೊರತೆ: ಕಣ್ಣಿನಲ್ಲಿ ಕಂಡ ದಿನ ಮಾಡಬೇಕಾದ್ದು, ಕಾಣುವ ಮೊದಲೇ ತಡೆಯುವ ಬಗೆ

ಹೊತ್ತು ಮುಳುಗುತ್ತಿದ್ದಂತೆ ಮಗು ಆಟ ಬಿಟ್ಟು ಒಂದೇ ಕಡೆ ಕೂರುತ್ತದೆ. ಮಬ್ಬು ಬೆಳಕಿನಲ್ಲಿ ಎದುರಿಗಿರುವ ತಟ್ಟೆಯನ್ನು ತಡಕಾಡುತ್ತದೆ, ಹೊಸಿಲು ಎಡವುತ್ತದೆ. ಹಗಲಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಇದು ಇರುಳುಗುರುಡು ಎಂದು ಗೊತ್ತಾದ ತಕ್ಷಣ ಹೆಚ್ಚಿನ ಮನೆಗಳಲ್ಲಿ ಕ್ಯಾರೆಟ್ ತರುತ್ತಾರೆ. ಕ್ಯಾರೆಟ್ ಒಳ್ಳೆಯದೇ, ಆದರೆ ಈ ಹಂತದಲ್ಲಿ ಅದು ತೀರಾ ನಿಧಾನ. ವಿಟಮಿನ್ ಎ ನಮ್ಮ ಯಕೃತ್ತಿನಲ್ಲಿ ದಾಸ್ತಾನಾಗಿರುತ್ತದೆ. ಆ ದಾಸ್ತಾನು ಬಹುಪಾಲು ಬರಿದಾದ ಮೇಲೆಯೇ ಕಣ್ಣು ಸೂಚನೆ ಕೊಡುವುದು. ಸೊಪ್ಪು ತರಕಾರಿಯಿಂದ ಅದನ್ನು ಮತ್ತೆ ತುಂಬಿಸಲು ವಾರಗಳು, ತಿಂಗಳುಗಳು ಬೇಕು. ಕಣ್ಣಿನ ಪಾರದರ್ಶಕ ಪೊರೆಯಾದ ಕಾರ್ನಿಯಾ ಕರಗಿ ಹೋಗಲು ಒಂದೆರಡು ದಿನ ಸಾಕು, ಕೆಲವೊಮ್ಮೆ ಗಂಟೆಗಳೇ ಸಾಕು. ಆದ್ದರಿಂದ ಲಕ್ಷಣ ಕಂಡರೆ ಅದೇ ದಿನ ಅಳೆದ ಡೋಸಿನ ಔಷಧ ಕೊಡಿಸಬೇಕು. ದಾಸ್ತಾನು ಮತ್ತೆ ಬರಿದಾಗದಂತೆ ನೋಡಿಕೊಳ್ಳುವುದು ಆಹಾರದ ಕೆಲಸ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ.

ಗುರುತಿಸುವುದು ಹೇಗೆ

ಲಕ್ಷಣಗಳಿಗೆ ಒಂದು ಕ್ರಮವಿದೆ. ಮೊದಲು ಇರುಳುಗುರುಡು. ಆಮೇಲೆ ಕಣ್ಣಿನ ಬಿಳಿಭಾಗ ಹೊಳಪು ಕಳೆದುಕೊಂಡು ಒಣಗಿ ಸುಕ್ಕಾದಂತೆ ಕಾಣುತ್ತದೆ. ಅದರ ಮೇಲೆ, ಹೆಚ್ಚಾಗಿ ಕಿವಿಯ ಕಡೆಗಿರುವ ಬದಿಯಲ್ಲಿ, ಸೋಪಿನ ನೊರೆ ಒಣಗಿದಂಥ ಬೂದು-ಬಿಳಿ ತ್ರಿಕೋನದ ಮಚ್ಚೆ ಮೂಡುತ್ತದೆ. ಇದೇ ಬಿಟಾಟ್ ಕಲೆ. ಒರೆಸಿದರೆ ಸ್ವಲ್ಪ ಹೋದಂತಾಗಿ ಮತ್ತೆ ಬರುತ್ತದೆ, ಉಜ್ಜಿ ತೆಗೆಯಲು ಹೋಗಬೇಡಿ. ಕೊನೆಯ ಹಂತದಲ್ಲಿ ಕಾರ್ನಿಯಾ ಮಂಜಾಗಿ ಒಣಗುತ್ತದೆ, ಹುಣ್ಣಾಗುತ್ತದೆ, ಮೆತ್ತಗಾಗಿ ಕರಗುತ್ತದೆ. ಅಲ್ಲಿಗೆ ತಲುಪಿದ ಕಣ್ಣಿನ ದೃಷ್ಟಿ ಪೂರ್ತಿಯಾಗಿ ಮರಳುವುದು ಕಷ್ಟ.

ಆದರೆ ತೀವ್ರ ಅಪೌಷ್ಟಿಕತೆಯಿರುವ ಮಗುವಿನಲ್ಲಿ, ದಡಾರ ಬಂದ ಮಗುವಿನಲ್ಲಿ ಈ ಮೆಟ್ಟಿಲುಗಳನ್ನು ಹಾರಿ ರೋಗ ನೇರವಾಗಿ ಕಾರ್ನಿಯಾಕ್ಕೆ ಹೋಗಬಹುದು. ಇರುಳುಗುರುಡು ಇರಲಿಲ್ಲವಲ್ಲ ಎಂಬ ಸಮಾಧಾನ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಮನೆಯಲ್ಲಿ ನೋಡಬೇಕಾದದ್ದು ಇಷ್ಟು. ಮಗುವನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಕೂರಿಸಿ, ರೆಪ್ಪೆಗಳನ್ನು ನಿಧಾನವಾಗಿ ಬಿಡಿಸಿ, ಬಿಳಿಭಾಗದ ಎರಡೂ ಬದಿ ನೋಡಿ. ಕಣ್ಣುಗುಡ್ಡೆಯನ್ನು ಒತ್ತಬಾರದು. ಸಂಜೆ, ದೀಪ ಹಾಕುವ ಮುನ್ನ, ಅದೇ ವಯಸ್ಸಿನ ಇನ್ನೊಂದು ಮಗುವಿನ ಜೊತೆ ಆಡಲು ಬಿಟ್ಟು ನಡಿಗೆ ಹೋಲಿಸಿ. "ನಿನಗೆ ಕಾಣಿಸುತ್ತಾ?" ಎಂದು ಮೂರು ವರ್ಷದ ಮಗುವನ್ನು ಕೇಳಿ ಫಲವಿಲ್ಲ. ಅದಕ್ಕೆ ಹಾಗೆ ಕಾಣುವುದೇ ರೂಢಿಯಾಗಿರುತ್ತದೆ. ಇನ್ನೂ ನಡೆಯದ ಕೂಸಿನಲ್ಲಿ ಇರುಳುಗುರುಡು ಪತ್ತೆ ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಅಲ್ಲಿ ಬಿಳಿಭಾಗದ ಹೊಳಪೇ ಗುರುತು.

ಬೆಳಕಿಗೆ ಕಣ್ಣು ಬಿಡದೆ ಮುಚ್ಚಿಕೊಂಡೇ ಇರುವ, ಸೊರಗಿದ ಮಗುವಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಿದ್ದೆ ಅಂದುಕೊಂಡು ಬಿಟ್ಟರೆ ಒಳಗಿನ ಹುಣ್ಣು ಯಾರಿಗೂ ಗೊತ್ತಾಗುವುದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿಯಲ್ಲಿ ಅಳೆಯುವ ಪಟ್ಟಿ ಇರುತ್ತದೆ. ಅಂಥ ಮಗುವಿನ ಕಣ್ಣನ್ನು ಆಸ್ಪತ್ರೆಯಲ್ಲಿ ತೋರಿಸಲೇಬೇಕು.

ಲಕ್ಷಣ ಕಂಡಾಗ ಕೊಡುವ ಡೋಸು

ಇಲ್ಲಿ ಹೇಳುವ ದೊಡ್ಡ ಡೋಸುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ವೈದ್ಯರ ಕೈಯಲ್ಲೇ ಕೊಡಿಸಬೇಕು. ಅಂಗಡಿಯಿಂದ ತಂದು ಅಂದಾಜಿನಲ್ಲಿ ಕುಡಿಸಬಾರದು. ಅಂಕಿಗಳನ್ನು ಇಲ್ಲಿ ಬರೆಯುವುದು ಮಗುವಿಗೆ ಎಷ್ಟು ಸಿಗಬೇಕು, ಎಷ್ಟು ಸಲ ಸಿಗಬೇಕು ಎಂದು ಪೋಷಕರಿಗೆ ತಿಳಿದಿರಲಿ ಎಂದು. ಅರ್ಧಕ್ಕೆ ನಿಂತ ಚಿಕಿತ್ಸೆಯೇ ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಒಂದು ಸಲದ ಪ್ರಮಾಣ ಹೀಗಿದೆ:

- 6 ತಿಂಗಳೊಳಗಿನ ಕೂಸಿಗೆ 50,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ)
- 6 ರಿಂದ 12 ತಿಂಗಳವರೆಗೆ 1 ಲಕ್ಷ ಐಯು
- 1 ವರ್ಷ ದಾಟಿದವರಿಗೆ 2 ಲಕ್ಷ ಐಯು

ಈ ಪ್ರಮಾಣವನ್ನು ಮೂರು ಸಲ ಕೊಡುತ್ತಾರೆ. ಗುರುತಿಸಿದ ದಿನವೇ ಮೊದಲನೆಯದು, ಮರುದಿನ ಎರಡನೆಯದು, ಕನಿಷ್ಠ ಎರಡು ವಾರ ಕಳೆದ ಮೇಲೆ ಮೂರನೆಯದು. ಮೂರನೆಯದನ್ನೇ ಜನ ಮರೆಯುವುದು, ಯಾಕೆಂದರೆ ಅಷ್ಟರಲ್ಲಿ ಮಗು ಸಂಜೆ ಓಡಾಡುತ್ತಿರುತ್ತದೆ. ಮೊದಲ ಎರಡು ಡೋಸು ಕಣ್ಣನ್ನು ಉಳಿಸುತ್ತವೆ, ಮೂರನೆಯದು ಯಕೃತ್ತಿನ ದಾಸ್ತಾನನ್ನು ಗಟ್ಟಿ ಮಾಡುತ್ತದೆ. ಮೊದಲ ದಿನವೇ ಮೂರನೆಯ ತಾರೀಖನ್ನೂ ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಬಸುರಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಕ್ರಮ ಬೇರೆ, ಅದು ಮುಂದೆ ಇದೆ.

ಔಷಧ ಬಾಯಿಯಿಂದಲೇ ಸಾಕು. ನುಂಗಲು ಆಗದ, ಬಿಡದೆ ವಾಂತಿಯಾಗುವ ಮಗುವಿಗೆ ಮಾತ್ರ ಚುಚ್ಚುಮದ್ದು, ಅದೂ ನೀರಿನಲ್ಲಿ ಬೆರೆಯುವ ರೂಪದ್ದೇ ಆಗಬೇಕು. ಎಣ್ಣೆಯಲ್ಲಿರುವ ವಿಟಮಿನ್ ಎ ಚುಚ್ಚಿದರೆ ಅದು ಚುಚ್ಚಿದ ಜಾಗದಲ್ಲೇ ಉಳಿದು ರಕ್ತಕ್ಕೆ ಬಹಳ ನಿಧಾನವಾಗಿ ಸೇರುತ್ತದೆ.

ಇರುಳುಗುರುಡು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕಡಿಮೆಯಾಗುತ್ತದೆ. ಬಿಳಿಭಾಗದ ಒಣಗು ಎರಡು ವಾರದೊಳಗೆ ಹೋಗುತ್ತದೆ. ಬಿಟಾಟ್ ಕಲೆ ಮಾತ್ರ ಹಟಮಾರಿ. ದೊಡ್ಡ ಮಕ್ಕಳಲ್ಲಿ ಹಳೆಯ ಕಲೆ ಚಿಕಿತ್ಸೆಯ ನಂತರವೂ ಉಳಿಯಬಹುದು, ಅದೊಂದನ್ನೇ ನೋಡಿ ಡೋಸಿನ ಮೇಲೆ ಡೋಸು ಕೊಡಬಾರದು.

ಪೂರ್ತಿ ಡೋಸು ಕೊಟ್ಟು ಒಂದೆರಡು ವಾರವಾದರೂ ಇರುಳುಗುರುಡು ಸ್ವಲ್ಪವೂ ಕಡಿಮೆಯಾಗದಿದ್ದರೆ ಕಾರಣ ಬೇರೆ ಇದೆ. ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲ ವಂಶವಾಹಿಯಾಗಿ ಕ್ಷೀಣಿಸುವ ರೆಟಿನೈಟಿಸ್ ಪಿಗ್ಮೆಂಟೋಸಾ ಶುರುವಾಗುವುದೂ ಇರುಳುಗುರುಡಿನಿಂದಲೇ. ಸೋದರಮಾವ, ಸೋದರತ್ತೆಯ ಮಕ್ಕಳೊಳಗೆ ಮದುವೆಯಾಗುವ ರೂಢಿ ನಮ್ಮಲ್ಲಿರುವುದರಿಂದ ಇದನ್ನು ಮರೆಯುವಂತಿಲ್ಲ. ಅಂಥ ಮಗುವನ್ನು ಅಕ್ಷಿಪಟಲ ನೋಡುವ ತಜ್ಞರ ಬಳಿಗೆ ಕರೆದೊಯ್ಯಬೇಕು.

ಕಾರ್ನಿಯಾ ಮಂಜಾಗಿದ್ದರೆ

ಇದು ತುರ್ತು. ನಾಳೆ ನೋಡೋಣ ಎನ್ನುವಂತಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸು ಕೊಡಿಸಿ, ಅಲ್ಲಿಂದಲೇ ಕಣ್ಣಿನ ವಿಭಾಗವಿರುವ ಆಸ್ಪತ್ರೆಗೆ ಹೊರಡಿ. ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಕೊಡಿಸೋಣ ಎಂದು ಡೋಸನ್ನು ಮುಂದೂಡಬೇಡಿ, ದಾರಿಯಲ್ಲಿ ಕಳೆಯುವ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಒತ್ತಡ ಬೀಳುವ ಬಿಗಿ ಪಟ್ಟಿ ಕಟ್ಟಬಾರದು. ಮಗು ಕಣ್ಣುಜ್ಜದಂತೆ ಕೈ ಹಿಡಿದುಕೊಂಡಿರಿ. ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಆಂಟಿಬಯಾಟಿಕ್ ಹನಿ ಅಥವಾ ಮುಲಾಮು ಕೊಡುತ್ತಾರೆ. ಮನೆಯಲ್ಲಿ ಹಿಂದೆ ಯಾವಾಗಲೋ ತಂದಿಟ್ಟ ಹನಿಯನ್ನು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಬೇಗ ತೂತಾಗುತ್ತದೆ.

ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಹಿಂಡುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ಪ್ರೀತಿಯಿಂದಲೇ ಮಾಡುವುದಾದರೂ ಹುಣ್ಣಾದ ಕಾರ್ನಿಯಾದ ಮೇಲೆ ಇವು ಸೋಂಕನ್ನು ತಂದಿಡುತ್ತವೆ. ಎದೆಹಾಲಿನ ಜಾಗ ಮಗುವಿನ ಹೊಟ್ಟೆ.

ದಡಾರ ಬಂದ ಮನೆಯಲ್ಲಿ

ದಡಾರ ಮೈಯಲ್ಲಿದ್ದ ವಿಟಮಿನ್ ಎಯನ್ನು ಬೇಗಬೇಗ ಖರ್ಚು ಮಾಡುತ್ತದೆ. ಕಣ್ಣು, ಶ್ವಾಸಕೋಶ, ಕರುಳಿನ ಒಳಪೊರೆಯನ್ನೂ ಅದೇ ಹೊತ್ತಿಗೆ ಕೆಡಿಸುತ್ತದೆ. ಆ ಪೊರೆ ಮತ್ತೆ ಬೆಳೆಯಲು ಬೇಕಾದದ್ದೇ ವಿಟಮಿನ್ ಎ. ಭೇದಿ ಸೇರಿಕೊಂಡರೆ ತಿಂದದ್ದೂ ಮೈಗೆ ಹತ್ತುವುದಿಲ್ಲ. ಹೀಗೆ ಮೂರು ಕಡೆಯಿಂದ ಏಟು ಬೀಳುವುದರಿಂದಲೇ, ಮೊದಲು ಚೆನ್ನಾಗಿದ್ದ ಮಗುವೂ ದಡಾರದ ನಂತರ ಕಣ್ಣು ಕಳೆದುಕೊಳ್ಳಬಹುದು. ಆದ್ದರಿಂದ ಕಣ್ಣಿನ ಲಕ್ಷಣ ಇರಲಿ, ಇಲ್ಲದಿರಲಿ, ದಡಾರ ಬಂದ ಪ್ರತಿ ಮಗುವಿಗೂ ಮೇಲೆ ಹೇಳಿದ ವಯಸ್ಸಿನ ಪ್ರಮಾಣವನ್ನೇ ಎರಡು ದಿನ ಸತತವಾಗಿ ಕೊಡಬೇಕು. ಕಣ್ಣಿನ ಲಕ್ಷಣವೂ ಇದ್ದರೆ ಎರಡರಿಂದ ನಾಲ್ಕು ವಾರದ ನಂತರ ಮೂರನೆಯದು.

ನಮ್ಮ ಮನೆಗಳ ಒಂದು ರೂಢಿಯ ಬಗ್ಗೆ ಇಲ್ಲೇ ಹೇಳಬೇಕು. ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ" ಬಂದಳೆಂದು ಒಗ್ಗರಣೆ ನಿಲ್ಲಿಸುತ್ತಾರೆ. ಎಣ್ಣೆ, ಮೊಟ್ಟೆ, ಮಾಂಸ ಬಂದ್ ಆಗುತ್ತವೆ, ಮಗುವಿಗೆ ಸಪ್ಪೆ ಗಂಜಿ ಮಾತ್ರ. ಬೇವಿನ ಎಲೆ, ಪ್ರತ್ಯೇಕ ಕೋಣೆ, ಹೆಚ್ಚು ಜನ ಮುಟ್ಟದಿರುವುದು, ಇವೆಲ್ಲ ಹಾಗೇ ಇರಲಿ, ಅವುಗಳಿಂದ ತೊಂದರೆಯಿಲ್ಲ. ಆದರೆ ವಿಟಮಿನ್ ಎ ಮೈಗೆ ಹತ್ತಲು ಜಿಡ್ಡು ಬೇಕೇ ಬೇಕು, ಮತ್ತು ದಡಾರದ ದಿನಗಳಲ್ಲಿ ಅದರ ಅಗತ್ಯ ಎಂದಿಗಿಂತ ಹೆಚ್ಚು. ಒಗ್ಗರಣೆ ಬೇಡವೆನ್ನುವ ಹಿರಿಯರಿದ್ದರೆ ಜಗಳ ಬೇಡ. ಗಂಜಿಗೆ ಒಂದು ಚಮಚ ತುಪ್ಪ, ಬೇಯಿಸಿ ಮಸೆದ ಸಿಹಿಕುಂಬಳ, ಹಾಲು ಕೊಡಿ. ತುಪ್ಪ ಒಗ್ಗರಣೆಯಲ್ಲ ಎಂದು ಹೇಳಿ ಒಪ್ಪಿಸಬಹುದು. ಎದೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಲೇಬಾರದು.

ಬಸುರಿಯರಿಗೆ ಬೇರೆ ಲೆಕ್ಕ

ಏಳನೆಯ ತಿಂಗಳ ನಂತರ ಸಂಜೆ ಕಣ್ಣು ಮಂಜಾದರೆ "ಬಸುರಿಯಲ್ಲಿ ಹಾಗೇ ಇರುತ್ತೆ, ಹೆತ್ತ ಮೇಲೆ ಸರಿಹೋಗುತ್ತೆ" ಎನ್ನುತ್ತಾರೆ. ಹೆರಿಗೆಯ ನಂತರ ಸರಿಹೋಗುವುದೂ ಉಂಟು. ಆದರೂ ಅದು ತಾಯಿಯ ದಾಸ್ತಾನು ಬರಿದಾಗಿರುವ ಗುರುತು. ಎದೆಹಾಲಿನಲ್ಲೂ ಅದು ಕಡಿಮೆಯಾಗಿ ಕೂಸಿಗೂ ಕೊರತೆ ದಾಟುತ್ತದೆ. ತಪಾಸಣೆಗೆ ಹೋದಾಗ ಹೇಳಿ.

ಮಕ್ಕಳಿಗೆ ಕೊಡುವ 2 ಲಕ್ಷದ ಡೋಸನ್ನು ಬಸುರಿಗೆ ಕೊಡುವುದಿಲ್ಲ, ಒಮ್ಮೆಗೇ ಹೆಚ್ಚು ಹೋದರೆ ಹೊಟ್ಟೆಯೊಳಗಿನ ಶಿಶುವಿನ ಅಂಗಗಳು ವಿಕಾರವಾಗುವ ಅಪಾಯವಿದೆ. ಇರುಳುಗುರುಡು ಅಥವಾ ಬಿಟಾಟ್ ಕಲೆ ಇದ್ದರೆ ದಿನಕ್ಕೆ 10,000 ಐಯು ಮೀರದಂತೆ, ಇಲ್ಲವೇ ವಾರಕ್ಕೆ 25,000 ಐಯು ಮೀರದಂತೆ, ಕನಿಷ್ಠ ನಾಲ್ಕು ವಾರ ವೈದ್ಯರು ಕೊಡುತ್ತಾರೆ. ಬಸುರಾಗುವ ವಯಸ್ಸಿನ ಎಲ್ಲ ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಕಾರ್ನಿಯಾಕ್ಕೆ ಪೆಟ್ಟಾಗಿದ್ದರೆ ಮಾತ್ರ ಅಪಾಯ ಮತ್ತು ಲಾಭವನ್ನು ತೂಗಿ ದೊಡ್ಡ ಡೋಸಿನ ನಿರ್ಧಾರವನ್ನು ತಜ್ಞರು ಮಾಡುತ್ತಾರೆ.

ಒಂಬತ್ತು ತಿಂಗಳಿಂದ ಐದು ವರ್ಷ: ಒಂಬತ್ತು ಡೋಸು

ಪೌಷ್ಟಿಕ ಕೊರತೆಯ ಅಂಧತ್ವ ತಡೆಯಲು ಭಾರತದಲ್ಲಿ 1970ರಿಂದ ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ. ಈಗಿನ ಕ್ರಮದಲ್ಲಿ ಮೊದಲ ಡೋಸು 9 ತಿಂಗಳು ತುಂಬಿದಾಗ, ದಡಾರ-ರುಬೆಲ್ಲಾ ಲಸಿಕೆಯ ಜೊತೆ: 1 ಮಿ.ಲೀ., ಅಂದರೆ 1 ಲಕ್ಷ ಐಯು. ಎರಡನೆಯದು 16 ರಿಂದ 18 ತಿಂಗಳಲ್ಲಿ, 2 ಮಿ.ಲೀ. ಅಲ್ಲಿಂದ ಮುಂದೆ ಆರು ತಿಂಗಳಿಗೊಮ್ಮೆ 2 ಮಿ.ಲೀ., ಐದು ವರ್ಷ ತುಂಬುವವರೆಗೆ. ಒಟ್ಟು 17 ಲಕ್ಷ ಐಯು. ಉಪಕೇಂದ್ರದಲ್ಲಿ, ಅಂಗನವಾಡಿಯಲ್ಲಿ ಉಚಿತ.

ಮೊದಲೆರಡು ಡೋಸು ಲಸಿಕೆಯ ಜೊತೆ ಬರುವುದರಿಂದ ಹೆಚ್ಚಾಗಿ ತಪ್ಪುವುದಿಲ್ಲ. ತಪ್ಪುವುದು ಎರಡು ವರ್ಷದ ನಂತರ. ಚುಚ್ಚುಮದ್ದು ಇಲ್ಲ, ಕರೆಯೂ ಬರಲಿಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಕಬ್ಬು ಕಟಾವಿಗೆ, ಕಟ್ಟಡ ಕೆಲಸಕ್ಕೆ ಊರೂರು ಹೋಗುವ ಕುಟುಂಬಗಳ ಮಕ್ಕಳಿಗಂತೂ ಇದು ಕೈತಪ್ಪುವುದೇ ಹೆಚ್ಚು. ತಾಯಿ ಕಾರ್ಡ್ ಜೊತೆಗಿದ್ದರೆ ಯಾವ ಊರಿನ ಉಪಕೇಂದ್ರದಲ್ಲೂ ಕೇಳಬಹುದು.

ಕೊಡುವಾಗ ಗಮನಿಸಬೇಕಾದ ಸಂಗತಿಗಳಿವೆ. ಬಾಟಲಿಯ ಜೊತೆ ಬರುವ ಚಮಚದಲ್ಲೇ ಅಳೆಯಬೇಕು, ಅದರಲ್ಲಿ ಅರ್ಧ ಗುರುತು 1 ಮಿ.ಲೀ., ತುಂಬ 2 ಮಿ.ಲೀ. ಮನೆಯ ಟೀ ಚಮಚ ಸುಮಾರು 5 ಮಿ.ಲೀ. ಹಿಡಿಯುತ್ತದೆ, ಅದರಲ್ಲಿ ಕೊಟ್ಟರೆ ಎರಡೂವರೆ ಪಟ್ಟು ಹೋಯಿತು ಎಂದೇ ಲೆಕ್ಕ. ಚೀರಾಡುವ ಮಗುವಿನ ಮೂಗು ಹಿಡಿದು ಸುರಿಯಬಾರದು, ಎಣ್ಣೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕಳೆದ ಒಂದು ತಿಂಗಳಲ್ಲಿ ಬೇರೆಲ್ಲಾದರೂ ದೊಡ್ಡ ಡೋಸು ಸಿಕ್ಕಿದ್ದರೆ ಮುಚ್ಚಿಡದೆ ಹೇಳಿ. ಬಾಟಲಿ ತೆರೆದ ತಾರೀಖು ಅದರ ಮೇಲೆ ಬರೆದಿರಬೇಕು. ತೆರೆದದ್ದನ್ನು ಆರರಿಂದ ಎಂಟು ವಾರದೊಳಗೆ ಮುಗಿಸಬೇಕು ಮತ್ತು ಬಿಸಿಲಿಗೆ ಇಡಬಾರದು. ಕೆಲವು ಮಕ್ಕಳಿಗೆ ಆ ದಿನ ವಾಂತಿ, ತಲೆನೋವು ಬರಬಹುದು. ಕೂಸುಗಳ ನೆತ್ತಿ ಸ್ವಲ್ಪ ಉಬ್ಬಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ತೋರಿಸಿ.

2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ದೇಶದ 1 ರಿಂದ 4 ವರ್ಷದ ಮಕ್ಕಳಲ್ಲಿ ಸುಮಾರು ಶೇ. 18ರಷ್ಟು ಮಂದಿಗೆ ಈ ಕೊರತೆ ಕಂಡಿತ್ತು. ಹಿಂದಿನಂತೆ ಊರಿಗೊಂದು ಕುರುಡು ಮಗು ಕಾಣದಿದ್ದರೂ ಕೊರತೆ ಹೋಗಿಲ್ಲ. ಕಣ್ಣಿನಲ್ಲಿ ಏನೂ ಕಾಣದ ಹಂತದಲ್ಲೇ ಅದು ಮಗುವಿನ ಸೋಂಕು ತಡೆಯುವ ಶಕ್ತಿಯನ್ನು ಕುಗ್ಗಿಸಿರುತ್ತದೆ.

ಅಡುಗೆಮನೆಯ ಕೆಲಸ

ಆರು ತಿಂಗಳವರೆಗೆ ಎದೆಹಾಲು ಮಾತ್ರ. ಹೆತ್ತ ಮೊದಲ ದಿನಗಳ ಹಳದಿ, ಗಟ್ಟಿ ಹಾಲಿನಲ್ಲಿ ವಿಟಮಿನ್ ಎ ಹೇರಳವಾಗಿರುತ್ತದೆ. ಅದನ್ನು ಹಿಂಡಿ ಚೆಲ್ಲಿದರೆ ಮಗುವಿನ ಮೊದಲ ದಾಸ್ತಾನನ್ನೇ ಚೆಲ್ಲಿದಂತೆ.

ಆಮೇಲಿನ ಆಹಾರದಲ್ಲಿ ಎರಡು ಬಗೆ. ಮೊಟ್ಟೆಯ ಹಳದಿ, ಹಾಲು, ತುಪ್ಪ, ಲಿವರ್‌ನಲ್ಲಿ ಸಿದ್ಧ ವಿಟಮಿನ್ ಎ ಇರುತ್ತದೆ. ಸೊಪ್ಪು ಮತ್ತು ಕಿತ್ತಳೆ ಬಣ್ಣದ ತರಕಾರಿಗಳಲ್ಲಿರುವುದು ಬೀಟಾ ಕ್ಯಾರೋಟಿನ್. ಮೈ ಅದನ್ನು ಬದಲಾಯಿಸಿಕೊಳ್ಳಬೇಕು, ಹೆಚ್ಚುಕಡಿಮೆ 12 ಮೈಕ್ರೋಗ್ರಾಂ ಕ್ಯಾರೋಟಿನ್‌ನಿಂದ 1 ಮೈಕ್ರೋಗ್ರಾಂ ವಿಟಮಿನ್ ಎ ಸಿಗುತ್ತದೆ. 1-3 ವರ್ಷದ ಮಗುವಿಗೆ ದಿನಕ್ಕೆ 390 ಮೈಕ್ರೋಗ್ರಾಂ ವಿಟಮಿನ್ ಎ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ.

ಈ ಲೆಕ್ಕದಲ್ಲಿ ನುಗ್ಗೆ ಸೊಪ್ಪಿಗೆ ಸಾಟಿಯಿಲ್ಲ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 17,500 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ ಇದೆ, ಕ್ಯಾರೆಟ್‌ಗಿಂತ ಮೂರು ಪಟ್ಟು. ನುಗ್ಗೆಕಾಯಿಯಲ್ಲಿ ಇದು ತೀರಾ ಕಡಿಮೆ, ಕಾಯಿ ತಿಂದು ಸೊಪ್ಪಿನ ಫಲ ಬಯಸಬಾರದು. ಮೆಂತ್ಯ, ಹರಿವೆ, ದಂಟು, ಚಕ್ರಮುನಿ, ಪಾಲಕ್ ಎಲ್ಲವೂ ಒಳ್ಳೆಯವೇ. ಕರಿಬೇವಿನಲ್ಲೂ ಸಾಕಷ್ಟಿದೆ, ಆದರೆ ಅದನ್ನು ತಟ್ಟೆಯಂಚಿಗೆ ಎತ್ತಿಡುತ್ತೇವೆ. ಚಟ್ನಿಪುಡಿಯಲ್ಲಿ ಅರೆದರೆ ಹೊಟ್ಟೆಗೆ ಹೋಗುತ್ತದೆ.

ಬಸ್ಸಾರು ಮಾಡುವ ಮನೆಗಳವರು ಇದನ್ನು ಗಮನಿಸಬೇಕು. ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಚಿಕ್ಕ ಮಗುವಿಗೆ ಕೊಡುವುದು ಸಾರನ್ನ ಮಾತ್ರ, "ಸೊಪ್ಪು ಅಗಿಯಲು ಬರಲ್ಲ" ಎಂದು. ಕ್ಯಾರೋಟಿನ್ ನೀರಿನಲ್ಲಿ ಕರಗುವುದಿಲ್ಲ, ಅದು ಸೊಪ್ಪಿನಲ್ಲೇ ಉಳಿಯುತ್ತದೆ. ಸಾರು ಕುಡಿದ ಮಗುವಿಗೆ ಅದು ಸಿಗಲೇ ಇಲ್ಲ. ಪಲ್ಯವನ್ನು ನುಣ್ಣಗೆ ಮಸೆದು ಮುದ್ದೆಗೋ ಅನ್ನಕ್ಕೋ ಕಲಸಿ ಕೊಡಿ. ಮಸ್ಸೊಪ್ಪಿನಲ್ಲಿ ಈ ತೊಂದರೆಯೇ ಇಲ್ಲ, ಸೊಪ್ಪು ಬೇಳೆ ಎಲ್ಲ ಒಟ್ಟಿಗೆ ಕಡೆದಿರುತ್ತದೆ.

ಒಂದು ಊಟಕ್ಕೆ ಒಂದು ಟೀ ಚಮಚದಷ್ಟಾದರೂ ಎಣ್ಣೆ ಅಥವಾ ತುಪ್ಪ ಇರಬೇಕು, ಜಿಡ್ಡಿಲ್ಲದೆ ಕ್ಯಾರೋಟಿನ್ ಕರುಳಿನಿಂದ ಒಳಗೆ ಹೋಗುವುದಿಲ್ಲ. ಸೊಪ್ಪನ್ನು ಮುಚ್ಚಳ ಮುಚ್ಚಿ, ಬೇಯುವಷ್ಟು ಹೊತ್ತು ಮಾತ್ರ ಬೇಯಿಸಿ. ಬೇಸಿಗೆಗೆಂದು ನುಗ್ಗೆ ಸೊಪ್ಪಿನ ಪುಡಿ ಮಾಡುವುದಾದರೆ ನೆರಳಲ್ಲಿ ಒಣಗಿಸಿ, ಬೆಳಕು ಬೀಳದ ಡಬ್ಬದಲ್ಲಿಡಿ. ಬಿಸಿಲಿನಲ್ಲಿ ಒಣಗಿಸಿದರೆ ಹಸಿರು ಬಣ್ಣದ ಜೊತೆ ಕ್ಯಾರೋಟಿನ್ ಕೂಡ ಹೋಗುತ್ತದೆ.

ಬಣ್ಣ ನೋಡಿ ಮೋಸ ಹೋಗುವುದೂ ಉಂಟು. ಅರಿಶಿನದ ಹಳದಿ, ಬೀಟ್‌ರೂಟಿನ ಕೆಂಪು ಕ್ಯಾರೋಟಿನ್ ಅಲ್ಲ. ಬಿಳಿ ತಿರುಳಿನ ಗೆಣಸಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ಕಿತ್ತಳೆ ತಿರುಳಿನದರಲ್ಲಿ ಬಹಳ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭೂ ಸೋನಾ ಅಂಥ ತಳಿ. ಹಿತ್ತಲಿದ್ದವರು ಬಳ್ಳಿ ಸಿಕ್ಕರೆ ನೆಡಬಹುದು.

ಎರಡು ವರ್ಷದ ಮಗುವಿನ ಒಂದು ದಿನ ಹೀಗಿರಬಹುದು. ಸುಮಾರು 20 ಗ್ರಾಂ ನುಗ್ಗೆ ಸೊಪ್ಪು ಹಾಕಿದ ಪಲ್ಯ ಅಥವಾ ರೊಟ್ಟಿ, ಒಂದು ಮೊಟ್ಟೆ, ಒಂದು ಲೋಟ ಬಲವರ್ಧಿತ (ವಿಟಮಿನ್ ಸೇರಿಸಿದ) ಹಾಲು, ಒಂದು ಹೋಳು ಪಪ್ಪಾಯಿ, ಅಡುಗೆಯಲ್ಲಿ ಎರಡು ಚಮಚ ಬಲವರ್ಧಿತ ಎಣ್ಣೆ. ಬೇಯುವಾಗ ಆಗುವ ನಷ್ಟ ಕಳೆದರೂ 400 ಮೈಕ್ರೋಗ್ರಾಂ ಆಸುಪಾಸಿಗೆ ಬರುತ್ತದೆ. ಹಾಲು, ಎಣ್ಣೆಯ ಪೊಟ್ಟಣದ ಮೇಲೆ "+ಎಫ್" ಗುರುತು ನೋಡಿ ಕೊಳ್ಳಿ. ಆ ಗುರುತಿನ ಹಾಲಿನಲ್ಲಿ ಲೀಟರಿಗೆ 270 ರಿಂದ 450, ಎಣ್ಣೆಯಲ್ಲಿ ಗ್ರಾಂಗೆ 6 ರಿಂದ 9.9 ಮೈಕ್ರೋಗ್ರಾಂ ವಿಟಮಿನ್ ಎ ಇರಬೇಕೆಂಬುದು ನಿಯಮ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಉಳಿಯುವುದಿಲ್ಲ.

ಮಾಂಸ ತಿನ್ನುವವರಿಗೆ ಕುರಿ ಲಿವರ್ ಬಹಳ ಗಟ್ಟಿಯಾದ ಮೂಲ: 100 ಗ್ರಾಂನಲ್ಲಿ 7,000 ಮೈಕ್ರೋಗ್ರಾಂ ಆಸುಪಾಸು. ಮಗುವಿಗೆ ವಾರಕ್ಕೊಮ್ಮೆ ಎರಡು ಸಣ್ಣ ತುಂಡು ಸಾಕು. ಬಸುರಿಯರು ಲಿವರ್ ಬಿಟ್ಟು ಮೊಟ್ಟೆ, ಹಾಲು, ಸೊಪ್ಪನ್ನು ನೆಚ್ಚಿಕೊಳ್ಳುವುದು ಕ್ಷೇಮ.

ತಿಂದರೂ ಕೊರತೆ, ತಿಂದದ್ದೇ ಹೆಚ್ಚು

ಊಟ ಸರಿಯಿದ್ದೂ ಕೊರತೆ ಮರುಕಳಿಸಿದರೆ ಕರುಳನ್ನು, ಯಕೃತ್ತನ್ನು ಅನುಮಾನಿಸಬೇಕು. ಮಕ್ಕಳಲ್ಲಿ ಪದೇ ಪದೇ ಭೇದಿ ಮತ್ತು ಜಂತುಹುಳು ಮುಖ್ಯ ಕಾರಣ. ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಕೊಡುತ್ತಾರೆ: ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ. ಮಾತ್ರೆ, 1-2 ವರ್ಷದವರಿಗೆ ಅರ್ಧ, ಪುಡಿ ಮಾಡಿ. ದೊಡ್ಡವರಲ್ಲಿ ಮದ್ಯದಿಂದ ಹಾಳಾದ ಯಕೃತ್ತು, ಮೇದೋಜೀರಕ ಗ್ರಂಥಿಯ ಹಳೆಯ ಉರಿಯೂತ, ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಕಾರಣವಾಗಬಹುದು. ಇವರ ರಕ್ತದಲ್ಲಿ ರೆಟಿನಾಲ್ (ರಕ್ತದಲ್ಲಿ ಓಡಾಡುವ ವಿಟಮಿನ್ ಎ) ಪ್ರಮಾಣ ನೋಡುತ್ತಾರೆ, ಡೆಸಿಲೀಟರಿಗೆ 20 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಕೊರತೆ. ಜ್ವರ, ಸೋಂಕು ಇರುವಾಗ ಅದು ತಾತ್ಕಾಲಿಕವಾಗಿ ಇಳಿಯುವುದರಿಂದ ಆ ದಿನಗಳ ವರದಿಯನ್ನು ನೆಚ್ಚಬಾರದು.

ಸೊಪ್ಪು, ಕ್ಯಾರೆಟ್ ಹೆಚ್ಚು ತಿಂದು ವಿಟಮಿನ್ ಎ ವಿಷವಾಗುವುದಿಲ್ಲ. ಅಂಗೈ ಅಂಗಾಲು ಹಳದಿಯಾಗಬಹುದು, ಕಣ್ಣಿನ ಬಿಳಿಭಾಗ ಬಿಳಿಯಾಗಿಯೇ ಇರುತ್ತದೆ. ಕಾಮಾಲೆಯಿಂದ ಅದನ್ನು ಬೇರ್ಪಡಿಸುವುದು ಹೀಗೆ. ವಿಷವಾಗುವುದು ಕ್ಯಾಪ್ಸೂಲ್‌ಗಳಿಂದ. ಕೂದಲಿಗೆ, ಚರ್ಮಕ್ಕೆ ಒಳ್ಳೆಯದೆಂದು 25,000 ಅಥವಾ 50,000 ಐಯು ಕ್ಯಾಪ್ಸೂಲ್‌ಗಳನ್ನು ತಿಂಗಳುಗಟ್ಟಲೆ ನುಂಗಿದರೆ ತಲೆನೋವು, ಒಡೆದ ತುಟಿ, ಕೂದಲುದುರುವಿಕೆ, ಮೂಳೆನೋವು ಶುರುವಾಗಿ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಇಂಥವರು ಕ್ಯಾಪ್ಸೂಲ್ ನಿಲ್ಲಿಸಿ, ಖಾಲಿ ಪಟ್ಟಿಯನ್ನು ಕೈಯಲ್ಲೇ ಹಿಡಿದು ವೈದ್ಯರ ಬಳಿ ಹೋಗಬೇಕು. ಎಷ್ಟು ಐಯು, ಎಷ್ಟು ತಿಂಗಳು ಎಂಬ ಎರಡು ಉತ್ತರ ಸಿಕ್ಕರೆ ಅವರಿಗೆ ಯಾವ ಪರೀಕ್ಷೆ ಬರೆಯಬೇಕೆಂದು ಗೊತ್ತಾಗುತ್ತದೆ.